ಕಾರಿನ ಬಾಗಿಲಿಗೆ ಊರುಗೋಲಿನ ಕಲೆ: ತೆಗೆಯುವುದು ಹೇಗೆ?

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯ ಒಂದು ಹಳ್ಳಿ. ಕಳೆದ ಮಳೆಗಾಲದಲ್ಲಿ ಅಲ್ಲಿನ ಸ್ವಸಹಾಯ ಸಂಘದ ತಿಂಗಳ ಸಭೆಗೆ ನಾವು ಹೋಗಿದ್ದೆವು. ಉಳಿತಾಯ, ಸಾಲದ ಕಂತು, ಪಾಸ್‌ಬುಕ್ಕಿನ ಲೆಕ್ಕ ಎಲ್ಲ ಮುಗಿದು ಇನ್ನೇನು ಎಲೆ ಅಡಿಕೆ ತಟ್ಟೆ ಬರಬೇಕು, ಅಷ್ಟರಲ್ಲಿ ಒಂದು ಜಗಳ ನಮ್ಮ ಮುಂದೆ ಬಂತು. ಹೊಲದ ಬದುವಿನದಲ್ಲ, ನೀರಿನದೂ ಅಲ್ಲ. ಕಾರಿನ ಬಾಗಿಲಿನದು.

ಸಂಘದ ಒಬ್ಬ ಸದಸ್ಯೆಯ ಮಗಳಿಗೆ ಹದಿನಾಲ್ಕು ವರ್ಷ. ಹುಟ್ಟಿದಾಗಿನಿಂದ ಕಾಲಿನ ಸ್ವಾಧೀನ ಕಡಿಮೆ. ಕ್ಯಾಲಿಪರ್ ಹಾಕಿಕೊಂಡು ಎರಡು ಊರುಗೋಲಿನ ಮೇಲೆ ನಡೆಯುತ್ತಾಳೆ. ತಿಂಗಳಿಗೆ ಎರಡು ಸಲ ವ್ಯಾಯಾಮ ಚಿಕಿತ್ಸೆಗೆ ಮೈಸೂರಿಗೆ ಹೋಗಬೇಕು. ಅದೇ ಸಂಘದ ಇನ್ನೊಬ್ಬ ಸದಸ್ಯೆಯ ಮಗ ಸಾಲ ಮಾಡಿ ಹಳೇ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಾನೆ. ಆರು ತಿಂಗಳು ಎಲ್ಲ ಸರಿಯಾಗೇ ನಡೆಯಿತು. ಆಮೇಲೆ ಒಂದು ದಿನ ಅವನು ಬಾಡಿಗೆಯ ಮೇಲೆ 500 ರೂಪಾಯಿ ಜಾಸ್ತಿ ಕೇಳಿದ.

"ಸಿಸ್ಟರ್, ನೀವೇ ಬಂದು ನೋಡಿ. ಬಾಗ್ಲು ಪ್ಯಾಡೆಲ್ಲಾ ಕರ್ರಗೆ ಗೀಚೋಗದೆ. ನಾನು ಕಂತು ಕಟ್ಬೇಕು. ಮದ್ವೆ ಬಾಡಿಗೆಗೆ ಬರೋರು ಮೊದ್ಲು ಒಳಗೆ ಬಗ್ಗಿ ನೋಡ್ತಾರೆ" ಎಂದು ಅವನು. "ಬುಡಿ ಸಿಸ್ಟರ್, ನಮ್ಗ್ಯಾಕೆ ಆ ಮಾತು? ಬಸ್ನಲ್ಲೇ ಹೋಯ್ತೀವಿ" ಎಂದು ಆ ತಾಯಿ. ಹೇಳಿದರೇ ಹೊರತು ಹೋಗಲಿಲ್ಲ. ಆ ತಿಂಗಳು ಮಗುವಿನ ಎರಡು ಸರದಿಯೂ ತಪ್ಪಿಹೋಗಿತ್ತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ ಅನ್ನುವುದು ನಿಜ. ನಮ್ಮ ಸಂಘಗಳ ಹೆಂಗಸರಿಗೆ ಅದರಿಂದ ಬಹಳ ಉಪಕಾರವಾಗಿದೆ. ಆದರೆ ತುಂಬಿದ ಬಸ್ಸಿನ ಮೆಟ್ಟಿಲನ್ನು ಎರಡು ಊರುಗೋಲು ಹಿಡಿದು ಹತ್ತುವ ಹುಡುಗಿಗೆ ಟಿಕೆಟ್ಟಿನ ಬೆಲೆ ಮುಖ್ಯವಲ್ಲ, ಕಾಲಿಡಲು ಜಾಗ ಮುಖ್ಯ. ಹಾಗಾಗಿ ಇಂಥ ಮನೆಗಳಿಗೆ ಊರಿನ ಬಾಡಿಗೆ ಕಾರು ಬೇಕೇ ಬೇಕು. ಆ ಕಾರಿನವನಿಗೂ ಅವನ ಗಾಡಿ ಚೆನ್ನಾಗಿರಬೇಕು. ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ನಾವು ಅನೇಕ ಸಭೆಗಳಲ್ಲಿ ವಿವರಿಸಿದ್ದೇವೆ. 21 ಬಗೆಯ ವಿಕಲತೆಗಳನ್ನು ಗುರುತಿಸಿರುವ, ತಾರತಮ್ಯ ಕೂಡದು ಎನ್ನುವ ಒಳ್ಳೆಯ ಕಾಯ್ದೆ ಅದು. ಆ ದಿನವೂ ಅದನ್ನೇ ಹೇಳಿ ಹುಡುಗನ ಬಾಯಿ ಮುಚ್ಚಿಸಬಹುದಿತ್ತು. ಆದರೆ ಅವನ ಬಾಗಿಲಿನ ಕಲೆ ಬಾಗಿಲಲ್ಲೇ ಇರುತ್ತಿತ್ತು, ಮುಂದಿನ ಸಲ ಫೋನ್ ಮಾಡಿದರೆ ಗಾಡಿ ಬೇರೆ ಕಡೆ ಹೋಗಿದೆ ಅನ್ನುತ್ತಿದ್ದ. ಅದಕ್ಕೆ ನಾವು ಒಂದು ಮಗ್ಗು ನೀರು, ಒಂದು ಶಾಂಪೂ ಪಾಕೀಟು, ಹಳೇ ಬನಿಯನ್ ಬಟ್ಟೆ ತರಿಸಿದೆವು. ಸಂಘದವರೆಲ್ಲ ಎದ್ದು ಕಾರಿನ ಸುತ್ತ ನಿಂತರು. ಆ ಅರ್ಧ ಗಂಟೆಯಲ್ಲಿ ಕಂಡದ್ದನ್ನೂ, ಈ ವಿಷಯದಲ್ಲಿ ನಾವು ಮೊದಲೇ ಮಾಡಿ ಕೆಡಿಸಿಕೊಂಡು ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಇತರ ಹಳ್ಳಿಗಳಿಂದಲೂ ಇದೇ ದೂರು ನಮ್ಮ ಕಿವಿಗೆ ಬಿದ್ದಿದೆ.

ಮೆತ್ತಿದ ಕಲೆ ಬೇರೆ, ಗೀರಿದ ಕಲೆ ಬೇರೆ

ಕಾರಿನ ಒಳಗೆ ಬಾಗಿಲ ಪ್ಯಾಡು, ಬಾಗಿಲ ಹೊಸ್ತಿಲಿನ ಪಟ್ಟಿ, ಸೀಟಿನ ಕೆಳಗಿನ ಪಕ್ಕೆ, ಡಿಕ್ಕಿಯ ಒಳಗೋಡೆ, ಇಲ್ಲೆಲ್ಲ ಕಾಣುವ ಗೀಚುಗಳಲ್ಲಿ ಎರಡು ಜಾತಿ. ಒಂದು, ಹೊರಗಿನ ವಸ್ತು ಪ್ಲಾಸ್ಟಿಕ್ಕಿನ ಮೇಲೆ ಬಂದು ಮೆತ್ತಿಕೊಂಡಿರುವುದು. ಇನ್ನೊಂದು, ಪ್ಲಾಸ್ಟಿಕ್ಕೇ ಕಿತ್ತು ಗೀರು ಬಿದ್ದಿರುವುದು. ಮೊದಲನೆಯದು ಗೋಡೆಗೆ ಮಸಿ ತಗುಲಿದ ಹಾಗೆ, ಎರಡನೆಯದು ಗೋಡೆಯ ಗಾರೆಯೇ ಉದುರಿದ ಹಾಗೆ. ಮಸಿಯನ್ನು ಒರೆಸಬಹುದು, ಉದುರಿದ ಗಾರೆಯನ್ನು ಒರೆಸಿ ಸರಿಮಾಡಲು ಆಗುವುದಿಲ್ಲ.

ಊರುಗೋಲು ಬಿಡುವ ಕಲೆ ಬಹುಪಾಲು ಮೊದಲ ಜಾತಿಯದು. ಊರುಗೋಲಿನ ತುದಿಗೆ ಕರಿ ರಬ್ಬರ್ ಬುಷ್ ಇರುತ್ತದಲ್ಲ, ಆ ರಬ್ಬರಿಗೆ ಗಟ್ಟಿತನ ಬರಲೆಂದು ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಇಂಗಾಲದ ಪುಡಿಯನ್ನು ಬೆರೆಸುತ್ತಾರೆ. ಲಾರಿ ಟೈರು ಕಪ್ಪಗಿರುವುದೂ ಅದರಿಂದಲೇ. ಬುಷ್ ಪ್ಲಾಸ್ಟಿಕ್ಕಿಗೆ ಜೋರಾಗಿ ಉಜ್ಜಿದಾಗ ಆ ಜಾಗ ಬಿಸಿಯೇರಿ ರಬ್ಬರಿನ ತೆಳು ಪದರ ಪ್ಲಾಸ್ಟಿಕ್ಕಿನ ಮೇಲೆ ಉಳಿದುಬಿಡುತ್ತದೆ. ಹವಾಯಿ ಚಪ್ಪಲಿ, ಮಕ್ಕಳ ಶಾಲೆಯ ಬೂಟು, ವೀಲ್‌ಚೇರಿನ ಚಕ್ರ ಇವುಗಳ ಕಲೆಯೂ ಇದೇ.

ಇನ್ನು ಪ್ಲಾಸ್ಟಿಕ್ಕಿನ ವಿಷಯ. ಈಗಿನ ಬಹುತೇಕ ಕಾರುಗಳ ಒಳಗೆ ಗಟ್ಟಿಯಾಗಿ, ಸಣ್ಣ ಚುಕ್ಕೆ ಚುಕ್ಕೆಯಾಗಿ ಕಾಣುವ ಭಾಗ ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. 1954ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಮತ್ತು ಸಂಗಡಿಗರು ಇದನ್ನು ಗಟ್ಟಿ ರೂಪದಲ್ಲಿ ತಯಾರಿಸಿ ತೋರಿಸಿದರು. ಇಂಥ ಪ್ಲಾಸ್ಟಿಕ್‌ಗಳ ಕೆಲಸಕ್ಕೆ 1963ರಲ್ಲಿ ನಟ್ಟಾ ಅವರಿಗೂ ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೂ ಸೇರಿ ನೊಬೆಲ್ ಬಹುಮಾನ ಬಂತು. ಇದೇನೂ ದೂರದ ವಸ್ತುವಲ್ಲ, ಮದುವೆ ಮನೆಗೆ ಬಾಡಿಗೆಗೆ ತರುವ ಪ್ಲಾಸ್ಟಿಕ್ ಕುರ್ಚಿಯೂ ಅದರದ್ದೇ. ಕಾರಿಗೆ ಬಳಸುವಾಗ ಅದಕ್ಕೆ ಟಾಲ್ಕ್, ಅಂದ್ರೆ ಮುಖಕ್ಕೆ ಹಾಕುವ ಪೌಡರಿನಲ್ಲಿರುವ ಅದೇ ಬಳಪದ ಕಲ್ಲಿನ ಪುಡಿ ಸೇರಿಸುತ್ತಾರೆ. ಹಾಗಾಗಿಯೇ ಕಪ್ಪು ಪ್ಲಾಸ್ಟಿಕ್ ಗೀರಿದಾಗ ಗೀರು ಬೆಳ್ಳಗೆ ಕಾಣುತ್ತದೆ. ಒಳಗಿನ ಪುಡಿ ಹೊರಗೆ ತೋರುತ್ತದೆ, ಜೊತೆಗೆ ಎಳೆದಾಟಕ್ಕೆ ಸಿಕ್ಕ ಪ್ಲಾಸ್ಟಿಕ್ ತಾನೂ ಬಿಳಿಚಿಕೊಳ್ಳುತ್ತದೆ.

ಅಲ್ಲಿಗೆ ಪರೀಕ್ಷೆ ಸುಲಭ. ಉಗುರಿನ ತುದಿಯನ್ನು ಕಲೆಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಎಲ್ಲೂ ಸಿಕ್ಕಿಕೊಳ್ಳದೆ ಜಾರಿದರೆ, ಅಥವಾ ಕಲೆಯೇ ಒಂದು ಎಳೆ ಉಬ್ಬಿದಂತಿದ್ದರೆ ಅದು ಮೆತ್ತಿದ್ದು. ಉಗುರು ಹಳ್ಳಕ್ಕೆ ಬಿದ್ದರೆ ಗೀರು. ಆಮೇಲೆ ಬೆರಳು ಒದ್ದೆ ಮಾಡಿ ಉಜ್ಜಿ ನೋಡಿ. ಒದ್ದೆಯಾದಾಗ ಬಿಳಿ ಗೆರೆ ಮಾಯವಾಗಿ ಆರಿದ ಮೇಲೆ ಮತ್ತೆ ಬಂದರೆ ಅದು ಗೀರೇ, ಸಂಶಯ ಬೇಡ.

ಆ ದಿನ ಕಾರಿನಲ್ಲಿ ಎಡಗಡೆ ಹಿಂಬಾಗಿಲಿಗೆ ಒಂಬತ್ತು ಗೀಚು ಇತ್ತು. ಹುಡುಗನೇ ಎಣಿಸಿದ. ಅದರಲ್ಲಿ ಏಳು ಕರಿಯವು, ಎರಡು ಬೆಳ್ಳಗಿನವು.

ನೀರು, ಶಾಂಪೂ, ತಾಳ್ಮೆ

ಗಾಡಿಯನ್ನು ಮೊದಲು ನೆರಳಿಗೆ ನಿಲ್ಲಿಸಿ. ಬಿಸಿಲಲ್ಲಿ ಕಾದ ಪ್ಲಾಸ್ಟಿಕ್ಕಿನ ಮೇಲೆ ಸೋಪಿನ ನೀರು ತಕ್ಷಣ ಆರಿ ಹೊಸ ಕಲೆಯಾಗುತ್ತದೆ. ನಾಲ್ಕೂ ಬಾಗಿಲು ತೆರೆದಿಡಿ. ನಂತರ ಒಣ ಬ್ರಷ್ಷಿನಿಂದ ಧೂಳು ಕೊಡವಿ. ಈ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಹುಡುಗನೂ ಬಿಟ್ಟಿದ್ದ. ನಮ್ಮ ಕಡೆಯ ಕೆಮ್ಮಣ್ಣಿನ ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ. ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಉಜ್ಜಿದರೆ ಇರುವ ಒಂದು ಕಲೆಗೆ ನೂರು ಗೀರು ಸೇರುತ್ತದೆ.

ಒಂದು ಮಗ್ಗು ಉಗುರು ಬೆಚ್ಚಗಿನ ನೀರಿಗೆ ಶಾಂಪೂ ಪಾಕೀಟಿನ ಕಾಲು ಭಾಗ ಸಾಕು. ಪಾತ್ರೆ ತೊಳೆಯುವ ದ್ರವವಾದರೆ ನಾಲ್ಕೈದು ಹನಿ. ಬಟ್ಟೆ ಒಗೆಯುವ ಪುಡಿ ಬೇಡ, ಅದು ಖಾರ ಹೆಚ್ಚು, ಚುಕ್ಕೆಗಳ ಸಂದಿಯಲ್ಲಿ ಕೂತು ಬೆಳ್ಳಗೆ ಉಳಿಯುತ್ತದೆ. ಅಂಟುವಾಳದ ನೀರು ಆಗುತ್ತದಾ ಎಂದು ಒಬ್ಬ ಅಜ್ಜಿ ಕೇಳಿದರು. ಆಗುತ್ತದೆ, ಅದೂ ಒಳ್ಳೆಯ ಸೋಪೇ. ತಿಳಿ ಬಣ್ಣದ ಪ್ಯಾಡಿಗೆ ಮಾತ್ರ ಬೇಡ, ಕಂದು ಬಣ್ಣ ಹಿಡಿಯಬಹುದು.

ಬಟ್ಟೆ ಮೆತ್ತಗಿರಬೇಕು. ಮೈಕ್ರೋಫೈಬರ್ ಬಟ್ಟೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹಳೇ ಬನಿಯನ್. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಕಲೆಯ ಮೇಲೆ ಒಂದೆರಡು ನಿಮಿಷ ಸುಮ್ಮನೆ ಒತ್ತಿ ಹಿಡಿಯಿರಿ. ಆಮೇಲೆ ಕಲೆಯ ಉದ್ದಕ್ಕೆ ಉಜ್ಜಿ, ಬಟ್ಟೆ ಕಪ್ಪಾದಂತೆಲ್ಲ ಮಗ್ಗುಲು ಬದಲಾಯಿಸಿ. ಹಾಗೆ ಮಾಡದಿದ್ದರೆ ತೆಗೆದ ಕಪ್ಪನ್ನೇ ಪಕ್ಕಕ್ಕೆ ಬಳಿದಂತಾಗುತ್ತದೆ. ಚುಕ್ಕೆಗಳ ಸಂದಿಯಲ್ಲಿ ಉಳಿದದ್ದಕ್ಕೆ ಸವೆದ ಹಲ್ಲುಜ್ಜುವ ಬ್ರಷ್ಷು ಸಾಕು. ಕೊನೆಗೆ ಬರೀ ನೀರಿನ ಬಟ್ಟೆಯಿಂದ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಬೋರ್‌ವೆಲ್ಲಿನ ಗಡಸು ನೀರು ತಾನಾಗಿ ಆರಿದರೆ ಬಿಳಿ ಚುಕ್ಕಿ ಬಿಡುತ್ತದೆ.

ಏಳು ಕರಿ ಗೀಚಿನಲ್ಲಿ ಐದು ಇಷ್ಟಕ್ಕೇ ಹೋಯಿತು. ಉಳಿದ ಎರಡಕ್ಕೆ ನಮ್ಮ ಜೊತೆ ಬಂದಿದ್ದ ಕಾರ್ಯಕರ್ತೆ ಮಗನ ಜಾಮಿಟ್ರಿ ಬಾಕ್ಸಿನಿಂದ ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್ ತಂದರು. ಪ್ಲಾಸ್ಟಿಕ್ ಪೂರ್ತಿ ಒಣಗಿದ ಮೇಲೆ ಕಾಗದದ ಮೇಲೆ ಅಳಿಸುವ ಹಾಗೇ ಹಗುರವಾಗಿ ಅಳಿಸಿದರೆ ಮೆತ್ತಿದ ಕರಿ ರಬ್ಬರು ಸಣ್ಣ ಸುರುಳಿಯಾಗಿ ಉದುರುತ್ತದೆ. ಹುಡುಗ ಇದನ್ನು ನೋಡಿ ನಕ್ಕ. ಜಗಳ ಅಲ್ಲಿಗೆ ಅರ್ಧ ಮುಗಿದಿತ್ತು ಅಂತ ನಮ್ಮ ಅಂದಾಜು.

ಇದಕ್ಕೂ ಬಗ್ಗದ ಕಲೆಗೆ ಇನ್ನೆರಡು ದಾರಿ ಇವೆ, ಎರಡಕ್ಕೂ ಎಚ್ಚರಿಕೆ ಬೇಕು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯ ಮೂಲೆಗೆ ಹಚ್ಚಿ ಒರೆಸುವುದು ಒಂದು. ಮೊದಲು ಸೀಟಿನ ಕೆಳಗೆ ಕಾಣದ ಜಾಗದಲ್ಲಿ ನೋಡಿ. ಬಟ್ಟೆಗೆ ಬಣ್ಣ ಬಂದರೆ, ಪ್ಲಾಸ್ಟಿಕ್ ಅಂಟಂಟಾದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು, ಅಂಗಡಿಯಲ್ಲಿ ಸಿಗುವ ಬಿಳಿ ಮೆಲಮೈನ್ ಸ್ಪಂಜು. ಅದು ಮುಟ್ಟಲು ಮೆತ್ತಗೆ, ಆದರೆ ಕೆಲಸ ಮಾಡುವುದು ಬಹಳ ನಯವಾದ ಉಪ್ಪುಕಾಗದದಂತೆ. ಒದ್ದೆ ಮಾಡಿ ಒತ್ತದೆ ನಾಲ್ಕು ಸಲ ಎಳೆದರೆ ಉಪಕಾರ, ನಲವತ್ತು ಸಲ ಉಜ್ಜಿದರೆ ಆ ಜಾಗ ಮಾತ್ರ ಹೊಳೆಯತೊಡಗಿ ಕಲೆಗಿಂತ ಎದ್ದು ಕಾಣುತ್ತದೆ. ಕನ್ನಡಿಯಂತೆ ಹೊಳೆಯುವ ಪಟ್ಟಿಗೆ ಈ ಸ್ಪಂಜನ್ನು ಮುಟ್ಟಿಸಲೇಬೇಡಿ.

ಪೆಟ್ರೋಲು, ಥಿನ್ನರು, ಸೀಮೆಎಣ್ಣೆ

ಇದನ್ನು ನಾವು ನಮ್ಮ ತಪ್ಪಿನಿಂದಲೇ ಶುರುಮಾಡಬೇಕು. ವರ್ಷಗಳ ಹಿಂದೆ ನಮ್ಮ ಹಳೇ ವ್ಯಾನಿನ ಡ್ಯಾಶ್‌ಬೋರ್ಡಿಗೆ ಯಾರದೋ ಬೂಟಿನ ಕಲೆ ಹತ್ತಿತ್ತು. ಗೇಟಿಗೆ ಬಣ್ಣ ಹೊಡೆದು ಉಳಿದ ಥಿನ್ನರ್ ಇತ್ತು. ಹತ್ತಿಗೆ ಹಾಕಿ ಒರೆಸಿದೆವು. ಕಲೆ ಹೋಯಿತು, ಜೊತೆಗೆ ಪ್ಲಾಸ್ಟಿಕ್ಕಿನ ಮೈಯೂ ಹೋಯಿತು. ಅಂಗೈಯಗಲ ಜಾಗ ಮೊದಲು ಅಂಟಂಟಾಗಿ, ಮರುದಿನ ಬೂದಿ ಬಣ್ಣಕ್ಕೆ ತಿರುಗಿ, ವ್ಯಾನ್ ಮಾರುವ ತನಕ ಹಾಗೇ ಇತ್ತು. ಬಂದವರೆಲ್ಲ "ಇದೇನಾಯ್ತು ಸಿಸ್ಟರ್?" ಎಂದು ಕೇಳುವರು. ಗೇಟಿನ ಬಣ್ಣದ ಕಥೆ ಹೇಳಬೇಕಿತ್ತು.

ಥಿನ್ನರ್, ಉಗುರು ಬಣ್ಣ ತೆಗೆಯುವ ಅಸಿಟೋನ್ ಇವು ಅನೇಕ ಬಗೆಯ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ರೆಕ್ಸಿನ್ ಆದರೆ ಅದನ್ನು ಮೆತ್ತಗಿಟ್ಟಿರುವ ಎಣ್ಣೆಯಂಥ ಅಂಶವನ್ನು ಎಳೆದುಬಿಡುತ್ತವೆ, ಮೂರು ತಿಂಗಳಲ್ಲಿ ರೆಕ್ಸಿನ್ ಬಿರುಕು ಬಿಡಬಹುದು. 2014ಕ್ಕೆ ತಯಾರಿ ನಿಂತ ಅಂಬಾಸಿಡರ್ ಕಾರಿನಂಥ ಹಳೇ ಗಾಡಿಗಳನ್ನು ಇನ್ನೂ ಜೋಪಾನ ಮಾಡಿಕೊಂಡಿರುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಅವುಗಳ ಬಾಗಿಲಿಗೆ ಇರುವುದು ಹಲಗೆಯ ಮೇಲೆ ಹೊದಿಸಿದ ರೆಕ್ಸಿನ್. ಅದಕ್ಕೆ ಸ್ಪಿರಿಟ್ ಕೂಡ ಬೇಡ, ಸೋಪಿನ ನೀರೊಂದೇ.

ಪೆಟ್ರೋಲಿನ ಮಾತು ಬಂದರೆ ನಮಗೆ ಗಾಡಿಗಿಂತ ಒರೆಸುವ ಹುಡುಗನ ಚಿಂತೆ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಅದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿರುವುದು. ಕಾರಿನೊಳಗೆ ಕೂತು ಪೆಟ್ರೋಲಿನ ಬಟ್ಟೆಯಲ್ಲಿ ಉಜ್ಜುವವನ ಮೂಗಿಗೂ ಚರ್ಮಕ್ಕೂ ಅದು ನೇರ ಹೋಗುತ್ತದೆ. ತಲೆ ಸುತ್ತು, ವಾಕರಿಕೆ ಅಂತ ಹೇಳಿದರೂ "ಬೀಡಿ ಸೇದಿಲ್ಲ ಅದಕ್ಕೆ" ಎಂದು ನಗೆಯಾಡುವವರಿದ್ದಾರೆ. ಅಲ್ಲೇ ಯಾರಾದರೂ ಬೀಡಿ ಹಚ್ಚಿದರೆ ನಗೆ ಉಳಿಯುವುದಿಲ್ಲ. ಆವಿ ತುಂಬಿದ ಕಾರಿನೊಳಗೆ ಒಂದು ಸ್ವಿಚ್ಚಿನ ಕಿಡಿಯೂ ಸಾಕು. ಹಿಂದೆ ಪಡಿತರ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗುತ್ತಿದ್ದಾಗ ಅದನ್ನೂ ಬಳಸುತ್ತಿದ್ದರು. ಕಲೆ ಸ್ವಲ್ಪ ಹೋಗುತ್ತಿತ್ತು, ವಾಸನೆ ವಾರಗಟ್ಟಲೆ ಇರುತ್ತಿತ್ತು, ಬಾಗಿಲ ಸುತ್ತಿನ ರಬ್ಬರ್ ಊದಿಕೊಳ್ಳುತ್ತಿತ್ತು.

ಪಾತ್ರೆ ತಿಕ್ಕುವ ಹಸಿರು ನಾರು, ಸಬೀನಾ ಪುಡಿ, ಹಲ್ಲುಪುಡಿ, ಟೂತ್‌ಪೇಸ್ಟು ಇವೆಲ್ಲ ಗೀರುವ ವಸ್ತುಗಳು. ಕೊಬ್ಬರಿ ಎಣ್ಣೆ ಸವರಿದರೆ ಆ ಹೊತ್ತಿಗೆ ಹೊಳೆಯುತ್ತದೆ, ಮದುವೆ ದಿಬ್ಬಣ ಹೋಗಿ ಬರುವಷ್ಟರಲ್ಲಿ ಧೂಳು ಕೂತು ಜಿಡ್ಡಾಗುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್ ಕೂಡ ಕಲೆ ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಸ್ಟೀರಿಂಗಿಗೂ ಪೆಡಲಿಗೂ ಪಾಲಿಶ್ ಹಚ್ಚಿದರೆ ಕೈಕಾಲು ಜಾರಿ ಅಪಘಾತವಾದೀತು. ಕೊರೋನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಎಂದು ಎಲ್ಲ ಕಡೆ ಸುರಿಯುವುದೂ ಬೇಡ. ಮೀಟರಿನ ಮುಂದಿನ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಬಿದ್ದರೆ ಅದು ಕೂದಲೆಳೆಯಂತೆ ಬಿರಿಯಬಹುದು.

ಸೀಟ್ ಬೆಲ್ಟಿಗೆ ಕಲೆ ಆಗಿದ್ದರೆ ಸೋಪಿನ ನೀರು ಬಿಟ್ಟು ಬೇರೇನೂ ಹಾಕಬಾರದು. ಬ್ಲೀಚು, ಥಿನ್ನರು ಅದರ ನೂಲನ್ನು ದುರ್ಬಲ ಮಾಡುತ್ತವೆ. ಬೆಲ್ಟು ಚೆಂದ ಕಂಡು ಬೇಕಾದಾಗ ಹರಿದರೆ ಏನು ಪ್ರಯೋಜನ? ಒರೆಸಿದ ಮೇಲೆ ಪೂರ್ತಿ ಎಳೆದಿಟ್ಟು, ನೆರಳಲ್ಲಿ ಒಣಗಿಸಿ, ಆಮೇಲೆ ಒಳಗೆ ಬಿಡಿ. ಮೇಲ್ಛಾವಣಿಯ ಬಟ್ಟೆಯನ್ನು ನೆನೆಸಬೇಡಿ. ಅದು ಅಂಟಿನಿಂದ ನಿಂತಿರುವುದು, ನೆಂದರೆ ಜೋತುಬೀಳುತ್ತದೆ.

ಬಿಳಿ ಗೀರಿಗೆ ಏನು ಮಾಡುವುದು?

ಉಳಿದ ಎರಡು ಬೆಳ್ಳಗಿನ ಗೀರಿಗೆ ಬರೋಣ. ಉಗುರು ಸಿಕ್ಕಿಕೊಂಡಿತು. ಒದ್ದೆ ಬೆರಳಿಗೆ ಮಾಯವಾಗಿ ಮತ್ತೆ ಬಂತು. ಊರುಗೋಲಿನ ರಬ್ಬರು ಹೀಗೆ ಗೀರುವುದಿಲ್ಲ, ಲೋಹ ಬೇಕು. ಗೀರು ಇದ್ದ ಎತ್ತರ ನೋಡಿ, ನೆಲದಿಂದ ಎಷ್ಟು ಎಂದು ಗೇಣು ಹಾಕಿದ ಹುಡುಗನ ತಾಯಿಯೇ ಥಟ್ಟನೆ ಅಂದರು: "ಲೋ ಮಗ, ಇದು ನಮ್ ಹಾಲಿನ ಕ್ಯಾನಿಂದು ಕಣ್ಲಾ!" ಡೈರಿಗೆ ಹೋಗುವ ಕ್ಯಾನನ್ನು ಮಳೆ ಬಂದ ದಿನ ಅವನು ಹಿಂದಿನ ಸೀಟಿನ ಬುಡದಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. ಕ್ಯಾನಿನ ಅಂಚು ಸರಿಯಾಗಿ ಅದೇ ಎತ್ತರ. ಹುಡುಗ ತಲೆ ಕೆರೆದುಕೊಂಡ. ಊರುಗೋಲಿನ ಮಗುವನ್ನು ಹತ್ತಿಸಿದ ಮೇಲೆ ಕಂಡ ಗೀರೆಲ್ಲ ಊರುಗೋಲಿನದೇ ಎಂದು ಅವನು ನಂಬಿದ್ದ. ಸುಳ್ಳು ಹೇಳಿದ್ದಲ್ಲ. ಕಣ್ಣಿಗೆ ಮೊದಲು ಬಿದ್ದವರ ಮೇಲೆ ತಪ್ಪು ಹೋಗುವುದನ್ನು ನಾವು ನಮ್ಮ ಕೆಲಸದಲ್ಲಿ ಬಹಳ ನೋಡಿದ್ದೇವೆ.

ಇಂಥ ಬಿಳಿ ಗೀರು ಹೆಚ್ಚು ಆಳ ಇಲ್ಲದಿದ್ದರೆ ಬಿಸಿಗಾಳಿಯಿಂದ ಸ್ವಲ್ಪ ಮಾಸುತ್ತದೆ. ಬ್ಯೂಟಿ ಪಾರ್ಲರಿನ ಹೇರ್ ಡ್ರೈಯರ್ ಸಾಕು. ಜಾಗ ಶುಚಿ ಮಾಡಿ, ಒಂದು ಗೇಣು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಅತ್ತಿತ್ತ ಆಡಿಸುತ್ತ ಅರ್ಧ ನಿಮಿಷ ಬಿಸಿ ಮಾಡಿ, ಆರಲು ಬಿಟ್ಟು ನೋಡಿ. ಬಿಳಿಚಿದ ಪ್ಲಾಸ್ಟಿಕ್ ತನ್ನ ಬಣ್ಣಕ್ಕೆ ಮರಳಬಹುದು. ಹಳ್ಳ ತುಂಬುವುದಿಲ್ಲ, ಗೆರೆ ಮಂಕಾಗುತ್ತದೆ ಅಷ್ಟೆ. ಮೊದಲು ಹಳೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೈ ಪಳಗಿಸಿಕೊಳ್ಳಿ. ಇಸ್ತ್ರಿ ಪೆಟ್ಟಿಗೆ, ಪೈಪು ಬಗ್ಗಿಸುವ ಹೀಟ್ ಗನ್ ಬೇಡ, ನಿಮಿಷದಲ್ಲಿ ಚುಕ್ಕೆಗಳೆಲ್ಲ ಕರಗಿ ಸಪಾಟಾಗುತ್ತವೆ. 'ಏರ್‌ಬ್ಯಾಗ್' ಎಂದು ಅಕ್ಷರ ಒತ್ತಿರುವ ಭಾಗದ ಹತ್ತಿರ ಬಿಸಿಯೂ ಬೇಡ, ನೀರೂ ಬೇಡ. ಆಳವಾದ ಗೀರಿಗೆ ಮನೆಮದ್ದಿಲ್ಲ. ಪ್ಯಾಡು ಬದಲಾಯಿಸುವುದು, ಇಲ್ಲವೇ ಅದರ ಜೊತೆ ಬಾಳುವುದು.

ಹತ್ತುವಾಗ, ಇಳಿಯುವಾಗ

ಒರೆಸುವುದಕ್ಕಿಂತ ಕಲೆ ಆಗದಂತೆ ಹತ್ತಿಸುವುದು ಸುಲಭ. ಅದು ಊರುಗೋಲಿನವರಿಗೂ ಕ್ಷೇಮ. ಬಾಗಿಲು ಪೂರ್ತಿ ತೆರೆಯಿರಿ. ಹೊಸ್ತಿಲ ಪಟ್ಟಿಯ ಮೇಲೆ ಹಳೇ ಗೋಣಿಚೀಲ ಹಾಸಿ. ಕಾರಿಗೆ ಬೆನ್ನು ಮಾಡಿ ನಿಂತು ಮೊದಲು ಸೀಟಿನ ಮೇಲೆ ಕೂರಬೇಕು, ಕಾಲು ಹೊರಗೇ ಇರಲಿ. ಆಮೇಲೆ ಊರುಗೋಲನ್ನು ಜೊತೆಯವರ ಕೈಗೆ ಕೊಟ್ಟು, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬೇಕು. ಕಾರಿನ ಒಳಗೆ ಊರುಗೋಲು ಊರಿ ಎದ್ದು ಸರಿಯುವುದರಿಂದಲೇ ಹೆಚ್ಚಿನ ಗೀಚು ಬೀಳುವುದು, ಬೀಳುವ ಭಯ ಇರುವುದೂ ಆಗಲೇ. ಊರುಗೋಲಿನ ತುದಿಗೆ ಹಳೇ ಕಾಲುಚೀಲ ತೊಡಿಸಿ ಕಾಲ ಬಳಿ ಮಲಗಿಸಿಡಿ. ಇಳಿದ ಕೂಡಲೇ ಕಾಲುಚೀಲ ತೆಗೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನೆಲದಲ್ಲಿ ಜಾರುತ್ತದೆ. ವೀಲ್‌ಚೇರ್ ಆದರೆ ಪಾದ ಇಡುವ ಹಲಗೆಗಳನ್ನು ಕಳಚಿ, ಕಳಚಲು ಬರದಿದ್ದರೆ ಹಳೇ ಪಂಚೆ ಸುತ್ತಿ ಡಿಕ್ಕಿಗೆ ಹಾಕಿ.

ರಬ್ಬರ್ ಬುಷ್ ತಿಂಗಳಿಗೊಮ್ಮೆ ತಿರುಗಿಸಿ ನೋಡಬೇಕು. ಅಡಿಯ ಗೆರೆಗಳು ಸವೆದು ಸಪಾಟಾಗಿದ್ದರೆ, ಬಿರುಕಿದ್ದರೆ, ಒಳಗಿನ ಕೊಳವೆಯ ಅಂಚು ಕಾಣುತ್ತಿದ್ದರೆ ಅದು ಮೊದಲು ಮನುಷ್ಯರಿಗೆ ಅಪಾಯ, ಆಮೇಲೆ ಕಾರಿಗೆ. ಈ ಮಗುವಿನ ಒಂದು ಬುಷ್ ಹಾಗೇ ಸವೆದಿತ್ತು. ಇನ್ನೊಂದಕ್ಕೆ ಅವರಪ್ಪ ಹಳೇ ಟೈರ್ ಕತ್ತರಿಸಿ ಬಿರಡೆ ಮಾಡಿ ಕೂರಿಸಿದ್ದರು. ಪ್ರೀತಿಯಿಂದ ಮಾಡಿದ ಕೆಲಸ, ಆದರೆ ಟೈರಿನ ರಬ್ಬರಿನಲ್ಲಿ ಕಪ್ಪು ಹೆಚ್ಚು, ಒದ್ದೆ ನೆಲದ ಮೇಲೆ ಹಿಡಿತವೂ ಕಡಿಮೆ. ಮೈಸೂರಿನಲ್ಲಿ ವೈದ್ಯಕೀಯ ಸಲಕರಣೆ ಮಾರುವ ಅಂಗಡಿಗಳಲ್ಲಿ ಬೂದು ಬಣ್ಣದ ಬುಷ್ ಸಿಗುತ್ತದೆ, ಅದು ಕಲೆ ಬಿಡುವುದು ಬಹಳ ಕಡಿಮೆ. ಕೊಳ್ಳುವಾಗ ಹಳೇದನ್ನು ಕೈಯಲ್ಲಿ ಹಿಡಿದುಹೋಗಿ, ಕೊಳವೆಯ ದಪ್ಪಕ್ಕೆ ಸರಿಯಾಗಿ ಕೂರಬೇಕು. ಸಡಿಲವಾದ ಬುಷ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಸಾಧನ ಸಲಕರಣೆಗಳ ಶಿಬಿರ ನಡೆದಾಗ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಬುಷ್‌ಗಳನ್ನೂ ಕೇಳಿ. ಊರುಗೋಲು ಕೇಳುವವರು ಬಹಳ, ಬುಷ್ ಕೇಳುವುದು ಯಾರಿಗೂ ನೆನಪಾಗುವುದಿಲ್ಲ.

ಆ ದಿನ ಸಂಘದ ನಡಾವಳಿ ಪುಸ್ತಕದಲ್ಲಿ ಒಂದು ಮಾತು ಬರೆಸಿದೆವು: ಕಲೆ ಕಂಡರೆ ಮೊದಲು ಇಬ್ಬರೂ ಕೂಡಿ ಒರೆಸಿ ನೋಡುವುದು, ದುಡ್ಡಿನ ಮಾತು ಆಮೇಲೆ. ಬೂದು ಬುಷ್ ಜೊತೆಯ ಹಣವನ್ನು ಸಂಘದ ನಿಧಿಯಿಂದ ಕೊಟ್ಟರು. 500 ರೂಪಾಯಿ ಬೇಡ ಎಂದು ಹುಡುಗ ತಾನೇ ಹೇಳಿದ, ನಾವು ಹೇಳಿಸಲಿಲ್ಲ. ಮುಂದಿನ ಸರದಿಗೆ ಮಗು ಅದೇ ಕಾರಿನಲ್ಲಿ ಮೈಸೂರಿಗೆ ಹೋಯಿತು, ಈಗಲೂ ಹೋಗುತ್ತಿದೆ.

ಅವನ ಡಿಕ್ಕಿಯಲ್ಲಿ ಈಗ ಒಂದು ಗೋಣಿಚೀಲ, ಬನಿಯನ್ ಬಟ್ಟೆ, ಅರ್ಧ ಸವೆದ ಪೆನ್ಸಿಲ್ ರಬ್ಬರ್ ಇರುತ್ತದೆ. ಎರಡು ಬಿಳಿ ಗೀರು ಡ್ರೈಯರಿಗೆ ಸ್ವಲ್ಪ ಮಾಸಿದವು, ಪೂರ್ತಿ ಹೋಗಲಿಲ್ಲ. ಯಾರಾದರೂ ಕೇಳಿದರೆ ಅವನೇ ಹೇಳುತ್ತಾನೆ: "ಅದು ನಮ್ಮನೆ ಹಾಲಿನ ಕ್ಯಾನ್‌ದು."